ಬಸವ್ವನ ಮಗಳು ನೀಲಮ್ಮ

ಮೌಂಟ್ ಆಲ್ಬರ್ಟ್, ನ್ಯೂಜಿಲೆಂಡ್,
ಭಾನುವಾರ

ತಾಮರ್ ಅಕ್ಕಾ,

ನಿನಗೆ ಶರಣು. ನಿನ್ನ ಅಮ್ಮ ರೂತ್ ಅವರ ಮೊಣಕಾಲು ನೋವು ಈ ಚಳಿಯಲ್ಲಿ ಹೆಚ್ಚಾಗದಿರಲಿ ಎಂದು ಮೊದಲು ಕೇಳಿಕೊಂಡು, ಆಮೇಲೆ ಸುದ್ದಿಗೆ ಬರುತ್ತೇನೆ.

ಕನ್ನಡ ನಿನಗೆ ಓದಲು ಬರುವುದಿಲ್ಲ, ಗೊತ್ತು. ಇದರ ಇಂಗ್ಲಿಷನ್ನು ನಾನೇ ಬರೆದು ಜೊತೆಯಲ್ಲಿಡುತ್ತೇನೆ. ಆದರೆ ಮೊದಲು ನನ್ನ ಮಾತಿನಲ್ಲೇ ಬರೆಯಬೇಕು. ಇಂಗ್ಲಿಷಿನಲ್ಲಿ ಕೆಟ್ಟ ಸುದ್ದಿ ಹೇಳುವುದು ನರ್ಸಾದ ನನಗೆ ವಾರ್ಡಿನ ಕೆಲಸವಾಗಿಬಿಟ್ಟಿದೆ. ತಲೆ ಸ್ವಲ್ಪ ವಾಲಿಸಿ, ದನಿ ತಗ್ಗಿಸಿ, "ಐ ಆಮ್ ಸೋ ಸಾರಿ" ಅನ್ನುವುದು ನಾಲಿಗೆಗೆ ಸಲೀಸಾಗಿದೆ. ಇದನ್ನು ಹಾಗೆ ಹೇಳಲು ಮನಸ್ಸು ಒಪ್ಪುತ್ತಿಲ್ಲ. ನನ್ನ ಫ್ಲ್ಯಾಟ್‌ಮೇಟ್ ನಿಶಾ ಬೆಂಗಳೂರಿನವಳು, ಅವಳಿಗೆ ಎಲ್ಲವೂ ಸುಲಭ. "ಒಂದು ಮೆಸೇಜ್ ಹಾಕ್ಬಿಡೇ, ಎಷ್ಟು ದಿನ ಹೀಗೆ ಒದ್ದಾಡ್ತೀಯ?" ಅಂದಳು. ಅವಳ ಮೇಲೆ ರೇಗಿ ಕೋಣೆಯ ಬಾಗಿಲು ಹಾಕಿಕೊಂಡು ಬರೆಯಲು ಕೂತಿದ್ದೇನೆ.

ನೀಲಮ್ಮ ಇಲ್ಲ, ಅಕ್ಕಾ. ಈಗಲ್ಲ, ಆಗಲೇ. ನೀನು ಮುಂಬಯಿ ಬಿಟ್ಟು ಹೋದ ವಾರದಲ್ಲೇ ನನ್ನ ತಂಗಿ ತೀರಿಕೊಂಡಳು.

ನೀವೊಂದಿಷ್ಟು ಯಹೂದಿ ಹುಡುಗ ಹುಡುಗಿಯರು ಕೆಲವು ತಿಂಗಳ ಸೇವೆಗೆಂದು ಮುಂಬಯಿಯ ನಮ್ಮ ಗಲ್ಲಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಲಂಡನ್ನಿನವನು, ಒಬ್ಬಳು ಅರ್ಜೆಂಟೀನಾದವಳು, ನೀನು ನ್ಯೂಜಿಲೆಂಡಿನವಳು. ಆ ದೇಶ ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೊಮೆಟೊ ಹಣ್ಣಿನಂತೆ ಕೆಂಪಾಗಿದ್ದ ನಿಮ್ಮ ಮುಖ ನೋಡಿ ಗಲ್ಲಿಯ ಹೆಂಗಸರು "ಬಿಸಲಾಗ ಬಾಡಾಕ ಬಂದಾವ, ಪಾಪ" ಎಂದು ನಕ್ಕಿದ್ದರು. ಅಲ್ಲಿದ್ದವರಲ್ಲಿ ಅರ್ಧ ಮಂದಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಅವ್ವನೂ ಇಟ್ಟಿಗೆ ಹೊರುತ್ತಿದ್ದಳು. ಚಿಂದಿ ಆಯಲು ಹೋಗುವ ಮಕ್ಕಳನ್ನು ಹಿಡಿದಿಡಲು ನೀವು ತಗಡಿನ ಶೆಡ್ಡಿನಲ್ಲಿ ಪಾಠದ ಜೊತೆ ಬಿಸಿ ಊಟ ಹಾಕುತ್ತಿದ್ದಿರಿ. ನಿಜ ಹೇಳಬೇಕೆಂದರೆ ನಾನು ಬರುತ್ತಿದ್ದುದು ಊಟಕ್ಕೆ. ನೀಲಮ್ಮ ಬರುತ್ತಿದ್ದುದು ನಿನಗಾಗಿ.

ಉಳಿದ ಮಕ್ಕಳೆಲ್ಲ ನಿನ್ನನ್ನು ದೀದಿ ಅಂದರೆ ಅವಳು ಮಾತ್ರ ಅಕ್ಕ ಅನ್ನುತ್ತಿದ್ದಳು. ನೀನು ಅವಳಿಗೆ ಎ ಬಿ ಸಿ ಕಲಿಸಿದೆ, ಅವಳು ನಿನ್ನ ಬೆನ್ನು ಹತ್ತಿ "ಉಂಡ್ರೇನ್ರೀ?" ಕಲಿಸಿದಳು. ನೀನು ಎದುರು ಸಿಕ್ಕ ಎಲ್ಲರನ್ನೂ, ಗಟಾರ ಬಳಿಯಲು ಬಂದವನನ್ನೂ, "ಉಂಡ್ರೇನ್ರೀ?" ಎಂದು ಕೇಳುವಾಗ ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ದೊಡ್ಡ ಮೇಷ್ಟ್ರ ಹಾಗೆ ನಿಲ್ಲುತ್ತಿದ್ದಳು. ನನಗಿಂತ ಚಿಕ್ಕವಳು, ನನಗಿಂತ ಚುರುಕು. ಆಗ ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಅವಳಿಗೆ ಕಾಮಣಿ ಬಂದು ಕಣ್ಣು ಹಳದಿಯಾದಾಗ ನೀನೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಅಪ್ಪ ಮಹಾಂತಪ್ಪ ಅದಕ್ಕೂ ಮೊದಲೇ ಬೇರೆ ಸೈಟಿಗೆ ಹೋಗುತ್ತೇನೆಂದು ಹೋದವನು ತಿರುಗಿ ಬಂದಿರಲಿಲ್ಲ. ಅಷ್ಟರಲ್ಲಿ ನಿನ್ನ ಅವಧಿ ಮುಗಿದಿತ್ತು. ಹೊರಡುವ ಹಿಂದಿನ ದಿನ ಅವಳ ತಲೆದಿಂಬಿನ ಹತ್ತಿರ ಕೂತು ನನ್ನನ್ನು ಕೇಳಿದೆ: ನಿಮ್ಮ ತಾಯಿಯ ಹೆಸರೇನು? ರೋಗಿಗಾಗಿ ಪ್ರಾರ್ಥಿಸುವಾಗ ನಮ್ಮಲ್ಲಿ ತಾಯಿಯ ಹೆಸರು ಸೇರಿಸಿ ಹೇಳುತ್ತಾರೆ ಅಂದೆ. ಅದನ್ನು ಅವ್ವನಿಗೆ ಹೇಳಿದರೆ ಅವಳು ಬೆಚ್ಚಿಬಿದ್ದಳು. "ನನ್ ಹೆಸರ್ ಯಾಕ ಬೇಕಂತವ್ವಾ ಆಕಿಗಿ? ನಿಮ್ಮಪ್ಪಂದು ಹೇಳು." ರೇಷನ್ ಕಾರ್ಡಿನಲ್ಲಾಗಲಿ ಶಾಲೆಯಲ್ಲಾಗಲಿ ಅವಳ ಹೆಸರನ್ನು ಯಾರೂ ಮೊದಲು ಕೇಳಿದ್ದಿಲ್ಲ. ಕೊನೆಗೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೋ ತಪ್ಪು ಮಾಡುತ್ತಿರುವವಳ ಹಾಗೆ, "ಬಸವ್ವ" ಅಂದಳು.

ನೀಲಮ್ಮ ಹೋದಮೇಲೆ ನಿಮ್ಮ ಮುಂದಿನ ತಂಡ ಬಂತು. ಹೊಸ ಟೀಚರು ಅವಳನ್ನು ಕೇಳಿಕೊಂಡು ನಮ್ಮ ಗುಡಿಸಲಿಗೇ ಬಂದರು, ನೀನೇ ಕಳಿಸಿದ್ದೆಯಂತೆ. ಅವ್ವ ಮುಖ ತಿರುಗಿಸಿ, "ಊರಾಗ ಅಜ್ಜಿ ಹಂತ್ಯಾಕ ಇದ್ದಾಳಂತ ಹೇಳು. ಸತ್ತಾಳಂತ ಯಾರ ಮುಂದೂ ಅನಬ್ಯಾಡ" ಅಂದಳು. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ಹೆದರಿಕೆ ಅವಳಿಗೆ, ಹಾಗೇ ಹೇಳಿದೆವು. ತಿಂಗಳೊಳಗೆ ನಾವೂ ಊರು ಸೇರಿದೆವು, ನಾನು ಸುರಪುರದ ಹಾಸ್ಟೆಲಿನಲ್ಲಿ ಕನ್ನಡ ಶಾಲೆ ಓದಿದೆ, ಕಲಬುರಗಿಯಲ್ಲಿ ನರ್ಸಿಂಗ್ ಮುಗಿಸಿದೆ. ಅಂದಿನಿಂದ ಮೊನ್ನೆಯವರೆಗೆ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಿಲ್ಲ. ಅವ್ವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ದೇಶಕ್ಕೆ ಬಂದು ನೆಲೆ ನಿಂತ ಮೇಲೆ ನಿನ್ನನ್ನು ಹುಡುಕಿದೆ. ನ್ಯೂ ನಾರ್ತ್ ರಸ್ತೆಯ ಆ ಕಾಫಿ ಅಂಗಡಿಯಲ್ಲಿ ನೀನು ನನ್ನನ್ನು ತಬ್ಬಿಕೊಂಡೆ, ಅತ್ತೆ, "ಉಂಡ್ರೇನ್ರೀ?" ಅಂದೆ. ನನಗೂ ಅಳು ಬಂತು. ಆಮೇಲೆ ನನ್ನ ಉತ್ತರಕ್ಕೂ ಕಾಯದೆ ಹೇಳಿದೆ: "ನೀಲಮ್ಮ ಈಗ ದೊಡ್ಡವಳಾಗಿರಬೇಕು. ಗೊತ್ತಾ, ಅಮ್ಮ ಇನ್ನೂ ಪ್ರತಿ ಶನಿವಾರ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತಾರೆ." ಎದುರಿಗಿದ್ದ ಕಾಫಿ ಆರಿಹೋಯಿತು. ಶನಿವಾರ ನಿಮ್ಮ ಪ್ರಾರ್ಥನೆಗೇ ಬರುತ್ತೇನೆ, ಆಗ ಎಲ್ಲ ಹೇಳುತ್ತೇನೆ ಅಂದೆ.

ಬಂದೆ. ನಿಮ್ಮ ಪ್ರಾರ್ಥನಾ ಮಂದಿರದ ಗೇಟಿನಲ್ಲಿ ಕಾವಲಿನವನು ನನ್ನ ಬ್ಯಾಗನ್ನೆಲ್ಲ ತಡಕಿದ. ದೇವರ ಮನೆಗೆ ಬರುವವರನ್ನು ಹೀಗೆ ತಡಕಬೇಕಾದ ಕಾಲ ಬಂದಿದೆಯಲ್ಲ ಎಂದು ಮನಸ್ಸು ಭಾರವಾಯಿತು. ಒಳಗೆ ನಿನ್ನ ಅಮ್ಮನ ಪಕ್ಕ ಕೂತೆ. ಏನು ನಡೆಯುತ್ತಿದೆಯೋ ಒಂದೂ ತಿಳಿಯಲಿಲ್ಲ, ಅವರು ಎದ್ದರೆ ಎದ್ದೆ, ಕೂತರೆ ಕೂತೆ. ಒಂದು ಹಂತದಲ್ಲಿ ಓದುತ್ತಿದ್ದವರು ನಿಲ್ಲಿಸಿದರು. ಜನ ತಮ್ಮ ತಮ್ಮ ಜಾಗದಿಂದಲೇ ಒಬ್ಬೊಬ್ಬರಾಗಿ ಕಾಯಿಲೆಯವರ ಹೆಸರು ಹೇಳತೊಡಗಿದರು. ನಿನ್ನ ಅಮ್ಮ ಮುಂದಿನ ಬೆಂಚು ಹಿಡಿದುಕೊಂಡು ಕಷ್ಟಪಟ್ಟು ಎದ್ದು ನಿಂತು, ಗಟ್ಟಿಯಾಗಿ, "ನೀಲಮ್ಮ ಬತ್ ಬಸವ್ವ" ಅಂದರು. ಬಸವ್ವನ ಮಗಳು ನೀಲಮ್ಮ. ಎರಡು ಹೆಸರನ್ನೂ ಒಂದಿಷ್ಟೂ ತಪ್ಪಿಲ್ಲದೆ ಹೇಳಿದರು.

ಅಕ್ಕಾ, ಆ ಘಳಿಗೆಯಲ್ಲಿ ನನ್ನ ತಂಗಿ ಬದುಕಿದ್ದಳು. ನಾನು ನರ್ಸು, ಎಂಥೆಂಥ ಸಾವು ನೋಡಿದವಳು, ಆದರೂ ಹೇಳುತ್ತೇನೆ. ಎಲ್ಲೋ ಮಲಗಿದ್ದಾಳೆ, ಇನ್ನೇನು ಜ್ವರ ಇಳಿಯುತ್ತದೆ ಅನ್ನಿಸಿತು.

ಆಮೇಲೆ ಊಟದ ಮೇಜಿನಲ್ಲಿ ನಿನ್ನ ಅಮ್ಮ ನನ್ನ ಕೈ ಹಿಡಿದುಕೊಂಡು ವಿವರಿಸಿದರು. ಗುಣವಾಯಿತೆಂದು ಗೊತ್ತಾದರೆ ನಿಲ್ಲಿಸುತ್ತೇವೆ, ತೀರಿಕೊಂಡರೆಂದು ಗೊತ್ತಾದರೂ ನಿಲ್ಲಿಸುತ್ತೇವೆ, ಅವಳು ಊರಲ್ಲಿದ್ದಾಳೆಂದಷ್ಟೇ ತಿಳಿಯಿತು, ನಿಮ್ಮ ಕಡೆಯಿಂದ ಈ ಎರಡರಲ್ಲಿ ಯಾವ ಸುದ್ದಿಯೂ ಬರಲಿಲ್ಲ, ಹಾಗಾಗಿ ನಾನು ನಿಲ್ಲಿಸುವ ಹಾಗಿರಲಿಲ್ಲ ಅಂದರು. ತಾಯಿಯ ಹೆಸರೇ ಏಕೆ ಎಂದು ಕೇಳಿದೆ. ಕರುಣೆ ಬೇಡುವಾಗ ತಾಯಿಯ ಹೆಸರಿನಲ್ಲಿ ಬೇಡಬೇಕು, ಸತ್ತವರನ್ನು ನೆನೆಯುವಾಗ ತಂದೆಯ ಹೆಸರು ಹೇಳುತ್ತೇವೆ ಅಂದರು. ನಾನು ತಟ್ಟೆಯಲ್ಲಿದ್ದ ಬ್ರೆಡ್ಡು ಮುರಿಯುತ್ತಾ ಕೂತೆ. ಸತ್ಯ ಹೇಳಿದರೆ ಎರಡು ಹೆಸರು ಅಳಿಸಿಹೋಗುತ್ತವೆ ಎಂದು ಆಗ ಹೊಳೆಯಿತು. ನೀಲಮ್ಮ ಸತ್ತವರ ಕಡೆ ಹೋಗುತ್ತಾಳೆ. ಅವಳನ್ನು ಹೆತ್ತು, ಒಬ್ಬಳೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿಬಂದ ಅವ್ವನ ಜಾಗದಲ್ಲಿ, ಬಿಟ್ಟುಹೋದ ಅಪ್ಪ ಬಂದು ಕೂರುತ್ತಾನೆ. ಅವತ್ತು ಹೇಳದೆಯೇ ಎದ್ದು ಬಂದೆ.

ಇನ್ನೂ ಕೆಲವು ಶನಿವಾರ ಹೀಗೇ ಕಳೆಯಬಹುದಿತ್ತು. ಆದರೆ ಮೊನ್ನೆ ನೀನು ಫೋನು ಮಾಡಿ, ಡಿಸೆಂಬರ್ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ನಿಮ್ಮ ಊರಿಗೆ ಹೋಗುತ್ತೇನೆ, ನೀಲಮ್ಮನನ್ನು ನೋಡಲೇಬೇಕು, ವಿಳಾಸ ಕೊಡು ಅಂದೆ. ಇನ್ನು ತಡೆದರೆ ಆ ಸುದ್ದಿಯನ್ನು ಅವ್ವ ತನ್ನ ಬಾಯಿಂದಲೇ ನಿನಗೆ ಹೇಳಬೇಕಾಗುತ್ತದೆ. ಅದು ಅವಳಿಂದ ಆಗದ ಕೆಲಸ.

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಆ ಅಮ್ಮ ನನ್ ಹೆಸರೂ ಹೇಳ್ತಾಳೇನು?" ಅಂದಳು. ಹೌದು ಅಂದೆ. "ಇಷ್ಟ ವರ್ಷ? ವಾರಾವಾರ?" ಹೌದು ಅಂದೆ. "ಹಂಗಾದ್ರ ಹೇಳಬ್ಯಾಡ ಬಿಡು. ಇನ್ನೊಂದೀಟು ದಿನ ಇರ್ಲಿ ನನ್ ಕೂಸು" ಎಂದು ಫೋನು ಇಟ್ಟುಬಿಟ್ಟಳು.

ಮರುದಿನ ಅವಳೇ ಮಾಡಿದಳು. "ಹೇಳಿಬಿಡವ್ವ. ವಯಸ್ಸಾದಾಕಿ, ಕಾಲನೋವು ಅಂತೀ. ಎದ್ದು ನಿಂತು ಬೇಡ್ಕೋತಾಳ. ನಾ ಹೆಂಗ ಸುಮ್ಕ ಇರ್ಲಿ? ಆದ್ರ ಒಂದು ಕೇಳ್ತೀನಿ. ಸತ್ತವರ್ನ ಕರೆಯೂ ಮುಂದ ತಾಯಿ ಹೆಸರು ಹಿಡದ ಕರೀತಾರಿಲ್ಲೋ?"

ನಾನು ಹೌದು ಅಂದೆ. ಅವಳು ಮೊದಲ ಸಲ ನೀಲಮ್ಮನ ಹೆಸರು ಹಿಡಿದು ಅತ್ತಳು.

ನಿಮ್ಮ ಸಂಪ್ರದಾಯ ನಿಮ್ಮದು, ಅದರಲ್ಲಿ ಕೈ ಹಾಕುವ ಅಧಿಕಾರ ನನಗಿಲ್ಲ. ನಿನ್ನ ಅಮ್ಮ ಒಪ್ಪುತ್ತಾರೋ ಇಲ್ಲವೋ, ನಿಮ್ಮ ಹಿರಿಯರು ಏನನ್ನುತ್ತಾರೋ ಅದೂ ಗೊತ್ತಿಲ್ಲ. ಬರುವ ಶನಿವಾರ ಅವರು ರೋಗಿಗಳ ಹೆಸರು ಹೇಳುವಾಗ ಎದ್ದು ನಿಲ್ಲುವುದು ಬೇಡ, ಕೂತಿರಲಿ. ನಿಮ್ಮಲ್ಲಿ ಸತ್ತವರನ್ನು ನೆನೆಯುವ ದಿನ ಬಂದಾಗ ಅವಳನ್ನು ಮಹಾಂತಪ್ಪನ ಮಗಳು ಅನ್ನಬೇಡಿ. ಗಟ್ಟಿಯಾಗಿ ಹೇಳಲಾಗದಿದ್ದರೆ ತುಟಿಯೊಳಗೇ ಆಗಲಿ, ಬಸವ್ವನ ಮಗಳು ಅನ್ನಿ. ನಾನು ಅವ್ವನಿಗೆ ಹೌದು ಎಂದುಬಿಟ್ಟಿದ್ದೇನೆ, ಅಕ್ಕಾ.

ನಿನ್ನ ತಾಯಿ ನೂರು ಕಾಲ ಬಾಳಲಿ, ನಿನ್ನ ಹೆಸರಿನ ಜೊತೆ ಅವರ ಹೆಸರೂ ಇರಲಿ ಎಂದು ಹಾರೈಸುವ,

ನಿನ್ನ ತಂಗಿ,
ಮಲ್ಲಮ್ಮ