ಅರ್ಧ ಹೆರೆದ ಕೋವಿಯ ಹಿಡಿ

ಮಂಗಳವಾರ, ಮಧ್ಯಾಹ್ನ
ನಿಮ್ಮ ಕೆಲಸದ ಮೇಜಿನಿಂದ

ಪ್ರೀತಿಯ ಯಜಮಾನರಿಗೆ,

ಈ ಮೂಲಕ ತಮಗೂ, ತಮ್ಮ ಅಕ್ಕನವರಿಗೂ, ಕಿವಿಯಿರುವ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮದುವೆ ಫೋಟೋದ ಗಾಜನ್ನು ನಾನು ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸುತ್ತಿಗೆಯಿಂದ ಒಡೆದಿದ್ದೇನೆ. ಫೋಟೋಗೆ ಗಾಯವಾಗಿಲ್ಲ. ನೀವು ಅದರಲ್ಲಿ ಈಗಲೂ ಹಲ್ಲುನೋವು ಬಂದವರ ಹಾಗೆಯೇ ನಿಂತಿದ್ದೀರಿ.

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸಿ. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು ಪೆನ್ನು ಹಿಡಿಯುವುದು ಸುಲಭವಲ್ಲ.

"ಅಕ್ಕನ ಮನೆ ಬಾಗಿಲಿಗೆ ಪಾಲಿಶ್ ಮಾಡಿ ಬಂದ್ಬಿಡ್ತೀನಿ" ಎಂದು ಹೋದವರು ತಿಂಗಳಾದರೂ ಬಂದಿಲ್ಲ. ಅದು ಮನೆಯೋ, ಬರೀ ಬಾಗಿಲುಗಳೋ? ಇಲ್ಲಿ ಗುರಿಯಮ್ಮ, ಅದೇ, ಗುರಿ ಹೊಡೆಯುವ ಪಂದ್ಯಕ್ಕೆ ಹೋಗುವ ಹುಡುಗಿ, ಕೋವಿಯ ನಳಿಗೆಯನ್ನಷ್ಟೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. "ಆಂಟಿ, ಭಾನುವಾರ ಪಂದ್ಯ. ಹಿಡಿ ಇಲ್ದೆ ಇದನ್ನ ಊದುಗೊಳವೆ ಮಾಡ್ಕೊಳ್ಲಾ?"

ಭುಜಕ್ಕೆ ಆನಿಸುವ ಆ ಮರದ ಹಿಡಿ ನಿಮ್ಮ ಮೇಜಿನ ಮೇಲೆ ಅರ್ಧ ಹೆರೆದು ಬಿದ್ದಿತ್ತು. ತಟ್ಟೆಯಲ್ಲಿ ಒಂದಗುಳೂ ಬಿಡದ ನೀವು ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡವಳಲ್ಲ. ಸರಿ, ನಾನೇ ಕೂತೆ. ಇಷ್ಟು ವರ್ಷ ನಿಮ್ಮ ಹೊಟ್ಟು ಗುಡಿಸಿದವಳಿಗೆ ಅಷ್ಟೂ ಬಾರದೇ? ಮರ ಹೆರೆಯಲು ಆಗತಾನೇ ಒಡೆದ ಗಾಜಿನ ಅಂಚು ಕ್ಷೌರದ ಕತ್ತಿಗಿಂತ ಚುರುಕು ಎಂದವರು ನೀವೇ. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಗಾಜೆಂದರೆ ಫೋಟೋದ್ದೊಂದೇ. ಹೆರೆದೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ನಾರೆದ್ದು ಮರಕ್ಕೆ ಕುರುಚಲು ಗಡ್ಡ ಬಂದಿತು, ಒಣಗಿಸಿ ಮತ್ತೆ ಬೋಳಿಸಿದೆ. ತಮ್ಮ ಗಡ್ಡದ ಮೇಲೂ ಇಷ್ಟು ಶ್ರದ್ಧೆ ತೋರಿಸಿದ್ದರೆ ಎನ್ನಿಸಿತು.

ಆಮೇಲೆ ಬಣ್ಣ. ನೀವು ಕಬ್ಬಿಣದ ಮೊಳೆ ಕರಗಿಸಿಟ್ಟಿದ್ದ ಆಸಿಡ್ಡನ್ನು ಸವರಿದೆ. ಮರ ಹಸಿರಾಯಿತು ರೀ. ಪಾಚಿ ಹಸಿರು. ಪಕ್ಕದ ಬೀಗದಣ್ಣನ ಅಂಗಡಿಗೆ ಓಡಿದೆ. ಅವರು ರಿಪೇರಿ ಮಾಡುತ್ತಿದ್ದ ಬೀಗದಿಂದ ಕಣ್ಣೆತ್ತದೆ, "ಅಕ್ಕಾ, ಬಿಸಿ ತೋರ್ಸಿದ್ರಾ?" ಎಂದರು.

"ಇಲ್ಲ."

"ಮತ್ತೆ? ಯಜಮಾನ್ರು ಪ್ರತಿ ಸಲ ಕೆಂಡದ ಮುಂದೆ ಹಿಡ್ಕೊಂಡು ಕೂರ್ತಾರಲ್ಲ, ಚಳಿ ಕಾಯಿಸ್ಕೊಳ್ಳೋಕೆ ಅಂದ್ಕೊಂಡಿದ್ರಾ?"

ಹಾಗೇ ಅಂದುಕೊಂಡಿದ್ದೆ. ಮನೆಗೆ ಓಡಿಬಂದೆ. ಕೆಂಡದ ಮೇಲೆ ತಿರುಗಿಸುತ್ತ ಹೋದಂತೆ ಹಸಿರು ಇಳಿದು ಜೇನಿನ ಬಣ್ಣ ಏರಿತು. ಅಗಸೆ ಎಣ್ಣೆಯನ್ನು ನಿಮ್ಮ ಹಾಗೆಯೇ ಬರಿ ಅಂಗೈಯಲ್ಲಿ ತಿಕ್ಕಿದೆ, ಅಂಗೈ ಉರಿಯುವ ತನಕ.

ಗುರಿಯಮ್ಮ ಕೆನ್ನೆ ಆನಿಸಿ ನೋಡಿ, "ಅಂಕಲ್ ಕೈ ಅಂದ್ರೆ ಕೈ" ಅಂದಳು. "ಹೌದಮ್ಮ" ಅಂದೆ. ಈ ಮಹಾತ್ಯಾಗವನ್ನು ತಾವು ಗಮನಿಸಬೇಕು.

ಮನೆ ಬಿಕೋ ಎನ್ನುತ್ತದೆ. ಬೆಳಗಾದರೆ "ಗುಂಡಿ ಹಾಕೇ" ಎಂದು ಶರ್ಟು ಬಿಟ್ಟುಕೊಂಡು ಎದುರಿಗೆ ಬಂದು ನಿಲ್ಲುವವರಿಲ್ಲ. ಈ ವಯಸ್ಸಿನಲ್ಲಿ ಇವರಿಗೆ ಪ್ರೇಮ ಉಕ್ಕಿತಲ್ಲ ಎಂದು ನಾನು ಇಷ್ಟು ದಿನ ಉಬ್ಬಿಹೋಗಿದ್ದೆ. ಬೀಗದಣ್ಣನ ಹೆಂಡತಿಗೂ ಹೇಳಿಕೊಂಡಿದ್ದೆ. ಪಾಪ, ಆಕೆ ಗಂಡನನ್ನು ಎರಡು ದಿನ ಮಾತಾಡಿಸಲಿಲ್ಲವಂತೆ.

ಅತ್ತಿಗೆಗೆ ನಮಸ್ಕಾರ ತಿಳಿಸಿ. ನಿಮಗೆ ಆಯುಸ್ಸು, ಆರೋಗ್ಯ, ಜೊತೆಗೆ ಒಂಚೂರು ಬುದ್ಧಿಯೂ ಸಿಗಲಿ.

ಇಂತಿ,
ಗಾಜು ಒಡೆದ ನಿಮ್ಮವಳು

ಹೇಳದೆ ಉಳಿದದ್ದು: "ಮರವನ್ನ ಅಡ್ಡ ಬೆಳಕಲ್ಲಿ ಹಿಡಿದು ನೋಡು, ಅದಕ್ಕೆ ಸುಳ್ಳು ಬರಲ್ಲ" ಎನ್ನುತ್ತಿದ್ದಿರಲ್ಲ. ಬಣ್ಣಕ್ಕೆ ಮೊದಲು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ನಾನು ಹೆರೆದ ಗೆರೆಗಳು ಒಂದು ಕಡೆಗೆ ವಾಲಿದ್ದವು, ನೀವು ಹೆರೆದವು ಇನ್ನೊಂದು ಕಡೆಗೆ. ನಡುವೆ ಬೈತಲೆ ತೆಗೆದ ಹಾಗೆ. ನೀವು ಹೆರೆದದ್ದು ಎಡಗೈಯಲ್ಲಿ. ಬಲಗೈ ಬೆರಳುಗಳು ಮಾತು ಕೇಳುವುದನ್ನು ಬಿಟ್ಟು ಎಷ್ಟು ಕಾಲವಾಯಿತು ರೀ? ಗುಂಡಿ ಅದಕ್ಕೇ ತಾನೇ? ನನ್ನ ಕಣ್ಣು ತಪ್ಪಿಸಲು ಅಕ್ಕನ ಮನೆಯ ಬಾಗಿಲೇ ಬೇಕಾಯಿತೇ?

ಆ ಬೈತಲೆಯನ್ನು ಹೆರೆದು ಅಳಿಸಿದ್ದೇನೆ. ನೋಡಿದವಳು ನಾನೊಬ್ಬಳೇ. ಗುಂಡಿ ನಾನು ಹಾಕುತ್ತೇನೆ, ಅದು ಪ್ರೇಮವೆಂದೇ ನಡೆಯಲಿ. ಬೀಗದಣ್ಣನ ಹೆಂಡತಿಗೆ ಈಗ ಬೇರೆ ಹೇಳುವುದಕ್ಕೂ ಆಗುವುದಿಲ್ಲ.

ಬರುವಾಗ ಅಲ್ಲಿನ ಗಾಜಿನಂಗಡಿಯಿಂದ ಫೋಟೋಗೆ ಒಂದು ಇಡೀ ಗಾಜು, ನನ್ನ ಬಲಗೈಗೊಂದು ತುಂಡು, ನಿಮ್ಮ ಎಡಗೈಗೊಂದು ತುಂಡು ತನ್ನಿ. ಬಟ್ಟೆಯಲ್ಲಿ ಸುತ್ತಿ ತನ್ನಿ, ಬಸ್ಸಿನಲ್ಲಿ ಅದರ ಮೇಲೆ ಕೂತುಬಿಡಬೇಡಿ.