ಹಿಂದಿನ ಬೆಂಚಿಗೆ ಬಿದ್ದ ಅಕಾರ್ಡಿಯನ್

ಮೋಕಾ
ಅಕ್ಟೋಬರ್ ೧೪, ಸೋಮವಾರ

ನನ್ನ ಮುದ್ದು ನೋಯೆಮಿ,

"ಅಮ್ಮಾ, ಆಶೀರ್ವಾದ ಮಾಡು" ಎಂದು ನೀನು ಬಾರಾವೋನಾದಿಂದಲೇ ಕೇಳಿದೆ ಎಂದುಕೊಂಡು ಮೊದಲೇ ಹೇಳಿಬಿಡುತ್ತೇನೆ: ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸೊಂಟನೋವು ಹೇಗಿದೆ? ಪಾಪುವಿಗೆ ಹಲ್ಲು ಬಂತೇ? ಅಳಿಯ ಫ್ರೇಮಿಯೊ, ಅವನ ತಂಬೋರಾ ಡೋಲು, ಇಬ್ಬರೂ ಕ್ಷೇಮವೇ? ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯ ಗೋಡೆ ತೆಳು, ನಿಮ್ಮಪ್ಪನ ಕಿವಿ ಚುರುಕು. ಧ್ವನಿ ಸಂದೇಶದ ಸಹವಾಸವಂತೂ ಬೇಡವೇ ಬೇಡ. ಹೋದ ಸಲ ಪಾಸ್ಟರಮ್ಮನ ಹಾಡುಗಾರಿಕೆಯ ಬಗ್ಗೆ ನಿನಗೆಂದು ಹೇಳಿದ್ದು ನಮ್ಮ ಚರ್ಚ್ ಸಭೆಯ ವಾಟ್ಸಾಪ್ ಗುಂಪಿಗೇ ಹೋಗಿ, ಆಕೆ ಈಗಲೂ ನನ್ನ ಕೈಕುಲುಕುವಾಗ ಎರಡೇ ಬೆರಳು ಕೊಡುತ್ತಾಳೆ. ಅದಕ್ಕೇ ಈ ಕಾಗದ ಬೆಣ್ಣೆಹಣ್ಣಿನ ಚೀಲದಲ್ಲಿ ಕೂತು ಬಸ್ಸಿನಲ್ಲಿ ಬರುತ್ತಿದೆ. ಹಣ್ಣು ಎರಡು ದಿನ ಬಿಟ್ಟು ಕೊಯ್ಯಿ.

ಈಗ ಸುದ್ದಿ. ಸಭೆಯವರು ನಿಮ್ಮಪ್ಪನನ್ನು ಶಿಸ್ತಿಗೆ ಹಾಕಿದ್ದಾರೆ! ಹೌದು, ಸಭೆಯಲ್ಲಿ ಅಕಾರ್ಡಿಯನ್ ಬಾರಿಸುವ ಎಲಿಸೆಯೋ ಅವರನ್ನೇ. ನಮ್ಮಲ್ಲಿ ಜಾರಿಬಿದ್ದವರಿಗೆ ಏನು ಮಾಡುತ್ತಾರೆಂದು ನಿನಗೆ ಗೊತ್ತಲ್ಲ: ಹಿಂದಿನ ಬೆಂಚು, ವಾದ್ಯ ಮುಟ್ಟುವಂತಿಲ್ಲ, ಮೈಕಿನ ಹತ್ತಿರ ಸುಳಿಯುವಂತಿಲ್ಲ. ಇಪ್ಪತ್ತು ವರ್ಷ ಬೇರೆಯವರನ್ನು ಆ ಬೆಂಚಿಗೆ ಕಳಿಸಲು ಮೊದಲು ಕೈಯೆತ್ತುತ್ತಿದ್ದ ಮನುಷ್ಯ ಈಗ ಅಲ್ಲಿ ಕೂತು ಫ್ಯಾನಿನ ಗಾಳಿ ಬರುವುದಿಲ್ಲ ಎಂದು ಗೊಣಗುತ್ತಾರೆ.

ಆದದ್ದು ಹೀಗೆ. ಚರ್ಚಿನ ಪಕ್ಕದ ಕೂಕೋನ ಅಂಗಡಿಯಲ್ಲಿ ಭಾನುವಾರ ಬಿಯರು, ಡಾಮಿನೊ, ಗದ್ದಲ ಇದ್ದದ್ದೇ. ಹೋದ ತಿಂಗಳ ಒಂದು ಭಾನುವಾರ ಎಲ್ಲಿಂದಲೋ ಬಂದ ವಾದ್ಯದವರನ್ನು ಬೇರೆ ಕೂರಿಸಿ ಮೆರೆಂಗೆ ಕುಣಿತದ ಹಾಡು ಹಾಕಿಸಿದ್ದ. ಇತ್ತ ಪಾಸ್ಟರ್ ಅಬ್ದಿಯಾಸ್ ಪ್ರಸಂಗ ಮಾಡುತ್ತಾ ಬೈಬಲಿನ ಯೋನನನ್ನು ಇನ್ನೇನು ಮೀನಿನ ಬಾಯಿಗೆ ಹಾಕಬೇಕು, ಅವರ ಮಾತೇ ಅವರಿಗೆ ಕೇಳಿಸದು. "ಸಹೋದರ ಎಲಿಸೆಯೋ, ಸ್ವಲ್ಪ ಹೋಗಿ ನಿಲ್ಲಿಸೋಕೆ ಹೇಳಿ ಬನ್ನಿ" ಎಂದು ಅವರೇ ಕಳಿಸಿದರು. ನಿಮ್ಮಪ್ಪ ಮೀಸೆ ತೀಡಿಕೊಂಡು ಹೋದರು. ಹಾಡು ನಿಂತಿತು. ನಾವೆಲ್ಲ ಹಲ್ಲೆಲೂಯ ಎಂದೆವು. ಆಮೇಲೆ ಮತ್ತೆ ಶುರುವಾಯಿತು ನೋಡು, ಮೊದಲಿಗಿಂತ ನೂರು ಪಾಲು ಚೆನ್ನಾಗಿ! ಮಂಡಿನೋವಿನ ಒಫೇಲಿಯಕ್ಕನ ಕಾಲೂ ಬೆಂಚಿನ ಕೆಳಗೆ ತಾಳ ಹಾಕಿತು. ಪಾಸ್ಟರ್ ಯೋನನನ್ನು ಅರ್ಧ ಬಾಯಲ್ಲೇ ಬಿಟ್ಟು ನನ್ನ ಕಡೆ ನೋಡಿದರು. ಆ ಅಕಾರ್ಡಿಯನ್ ಯಾರ ಕೈಯಲ್ಲಿದೆಯೆಂದು ಇಡೀ ಸಭೆಗೆ ತಿಳಿದುಹೋಗಿತ್ತು. ನಾನು ಪರ್ಸಿನಲ್ಲಿ ಕರವಸ್ತ್ರ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ವಿಚಾರಣೆಗೆ ನಿಲ್ಲಿಸಿದಾಗ ಏನಂದರು ಗೊತ್ತೇ? "ನಾನು ಬಾರಿಸಿದ್ದಲ್ಲ ಪಾಸ್ಟರ್. ಆ ಹುಡ್ಗ ತಪ್ಪು ಬಾರಿಸ್ತಿದ್ದ, ತಿದ್ದಿದೆ ಅಷ್ಟೆ." ಹಾಗಾದರೆ ಎರಡನೇ ಹಾಡು ಎಂದು ಪಾಸ್ಟರ್ ಕೇಳಿದ್ದಕ್ಕೆ, "ಅದನ್ನೂ ತಪ್ಪೇ ಬಾರಿಸ್ತಾನೇನೋ ಅಂತ, ಮುಂಚೇನೇ." ನಗು ತಡೆಯಲಾರದೆ ಪಾಸ್ಟರ್ ಕೆಮ್ಮಿದರು. ಆದರೂ ಶಿಸ್ತು ಶಿಸ್ತೇ.

ನಮ್ಮ 'ಗಿದ್ಯೋನನ ತುತ್ತೂರಿಗಳು' ವಾದ್ಯವೃಂದದಲ್ಲಿ ತುತ್ತೂರಿಯಂತೂ ಎಂದೂ ಇರಲಿಲ್ಲ, ಈಗ ಅಕಾರ್ಡಿಯನ್ನೂ ಇಲ್ಲ. ತಂಬೋರಾದ ಮುದುಕ ತೀರಿಕೊಂಡ ಮೇಲೆ ಡೋಲು ಮೂಲೆಯಲ್ಲೇ ಇದೆ. ಪಾಸ್ಟರರ ಸೋದರಳಿಯ ಕೀಬೋರ್ಡ್ ತಂದಿದ್ದಾನೆ. ಮೊನ್ನೆ ಪ್ರಭುಭೋಜನಕ್ಕೆ ರೊಟ್ಟಿ ಮುರಿಯುವಾಗ ಯಾವುದೋ ಗುಂಡಿ ಒತ್ತಿ ಕ್ರಿಸ್ಮಸ್ ಗಂಟೆ ಬಾರಿಸಿಬಿಟ್ಟ. ಹಿಂದಿನ ಬೆಂಚಿನಿಂದ ನಿಮ್ಮಪ್ಪ "ಕರ್ತನೇ, ಇವರನ್ನ ಕ್ಷಮಿಸು" ಎಂದದ್ದು ಮುಂದಿನ ಬೆಂಚಿಗೂ ಕೇಳಿಸಿತು.

ನಗುವುದೆಲ್ಲ ಸರಿ ಮಗಳೇ, ಆದರೆ ನನಗೆ ಹೆದರಿಕೆಯಾಗಿದೆ. ಮನೆಯಲ್ಲಿ ಅವರು ಅಕಾರ್ಡಿಯನ್ ಪೆಟ್ಟಿಗೆ ತೆಗೆದೇ ಇಲ್ಲ. ನೀನು ಕೂಸಾಗಿದ್ದಾಗ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದೆ. ಆಗ ಕುಣಿತದ ಮನೆಯಲ್ಲಿ ಬಾರಿಸುತ್ತಿದ್ದ ಇವರು ಅಲ್ಲಿಂದ ಹಾಗೇ ಓಡಿಬಂದು ಆಸ್ಪತ್ರೆಯ ನೆಲದ ಮೇಲೆ ಮೊಣಕಾಲೂರಿ, "ಇವಳನ್ನ ಉಳ್ಸು, ಈ ಕೈ ನಿಂದು" ಎಂದಿದ್ದರು. ನೀನು ಉಳಿದೆ. ಅಂದಿನಿಂದ ದೇವರ ಹಾಡು ಬಿಟ್ಟು ಬೇರೇನೂ ಬಾರಿಸದೆ ಅವರು ಮಾತು ಉಳಿಸಿಕೊಂಡರು. ಅದಕ್ಕೇ ನೀನು ಕುಣಿತದ ಮನೆಯ ಡೋಲಿನವನನ್ನೇ ಮೆಚ್ಚಿದಾಗ ಅವರಿಗೆ ಅಷ್ಟು ಉರಿದದ್ದು. ಮದುವೆಗೆ ಬರದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅದು ಬೇರೆ ಮಾತು. ಈಗ ದೇವರು ಈ ಕೈಯನ್ನು ಒಲ್ಲೆ ಎಂದಾನು ಎಂಬ ಕೊರಗು ಅವರಿಗೆ. ನವೆಂಬರ್ ಮೊದಲ ಭಾನುವಾರ, ಸಭೆಯ ವಾರ್ಷಿಕೋತ್ಸವದ ದಿನ, ಶಿಸ್ತು ಮುಗಿಯುತ್ತದೆ. ಅವತ್ತು ಬಾರಿಸುತ್ತೀರಾ ಎಂದರೆ ಎದ್ದು ಕೋಳಿಗೆ ಕಾಳು ಹಾಕಲು ಹೋಗುತ್ತಾರೆ. ಅವತ್ತೂ ಬಾರಿಸದಿದ್ದರೆ ಇನ್ನೆಂದೂ ಬಾರಿಸುವುದಿಲ್ಲ, ನನಗೆ ಗೊತ್ತು.

ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯನಿಗೂ ದೇವರ ಕೃಪೆ ಇರಲಿ. ಬಿಸಿಲಲ್ಲಿ ಬಟ್ಟೆ ಒಗೆಯಬೇಡ.

ನಿನ್ನ ಅಮ್ಮ,
ಸಬೀನಾ

ಮರೆತ ಮಾತು: ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಗೀಚುತ್ತಿದ್ದೇನೆ. ಈಗಷ್ಟೇ ಬಾಳೆಕಾಯಿ ಸುಲಿಯುತ್ತಾ ನಿಮ್ಮಪ್ಪ ಬಾಯಿಬಿಟ್ಟರು. ಅವತ್ತು ಕೂಕೋನ ಅಂಗಡಿಯಲ್ಲಿ ತಂಬೋರಾ ಬಾರಿಸುತ್ತಿದ್ದವನು ನಿನ್ನ ಗಂಡ! ಒಂದು ಹಾಡು ತಿದ್ದಿ ಏಳಬೇಕೆಂದಿದ್ದರಂತೆ, ಅವನು ಮೆಲ್ಲಗೆ "ಮಾವಾ, ಇನ್ನೊಂದು" ಅಂದನಂತೆ. ಏಳಲಾಗಲಿಲ್ಲವಂತೆ. ಸಭೆಯ ಮುಂದೆ ಅವನ ಹೆಸರು ಬರದ ಹಾಗೆ ತಾವೇ ಎಲ್ಲ ಹೊತ್ತುಕೊಂಡರು. ಆ ಭಾನುವಾರ ಮೀನು ಹಿಡಿಯಲು ಹೋಗಿದ್ದೆ ಎಂದು ಅವನು ನಿನಗೆ ಹೇಳಿದ್ದರೆ ಬೈಯಬೇಡ. ವಾರ್ಷಿಕೋತ್ಸವಕ್ಕೆ ಅವನು ಬಿಡುವಾಗಿದ್ದಾನಾ ಕೇಳು ಎಂದರು, ನನ್ನ ಮುಖ ನೋಡದೆ. ಅವನಿನ್ನೂ ರಕ್ಷಣೆ ಹೊಂದಿ ಸಭೆಗೆ ಸೇರಿಲ್ಲವಲ್ಲ, ಪಾಸ್ಟರ್ ಒಪ್ಪುತ್ತಾರಾ ಎಂದೆ. "ಅವ್ನು ತಾಳ ತಪ್ಪಲ್ಲ ಕಣೇ. ಮಿಕ್ಕಿದ್ದು ದೇವ್ರು ನೋಡ್ಕೋತಾನೆ" ಎಂದು ಕೈ ಒರೆಸಿಕೊಂಡು ಹೋಗಿ ಪೆಟ್ಟಿಗೆ ತೆಗೆದರು. ಬೇಗ ಬನ್ನಿ, ಮೂವರೂ.