ಪಾಸಾದವಳಿಗೆ ಪರೀಕ್ಷೆ ರಜೆ ಇಲ್ಲ

ಊಟದ ಮೇಜು, ಕಿಟಕಿ ಕಡೆಯ ತುದಿ
ಭಾನುವಾರ, ಮಾರ್ಚ್ ೧೭

ಪ್ರೀತಿಯ ಇವರಿಗೆ,

ಸೊಂಟ ಹೇಗಿದೆ? ಹಡಗಿನ ಇಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಹಿಡಿದುಕೊಂಡ ಸೊಂಟ ಅದು; ಮುಲಾಮು ಹಚ್ಚಿದರೆ ಸಾಲದು, ಆಗಾಗ ನೆಟ್ಟಗೆ ನಿಲ್ಲಲೂ ಬೇಕು. ಇಲ್ಲಿ ನಿಮ್ಮ ಅಮ್ಮ ಕ್ಷೇಮ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಡುಗೆಮನೆಯ ಮೂಲೆಯ ಜೇಡರಬಲೆಯೂ ಅವರಿಗೆ ನಿಚ್ಚಳವಾಗಿ ಕಾಣುತ್ತಿದೆ. ಡಾಕ್ಟರ ಕೈಗುಣವನ್ನು ಹೊಗಳಲೋ ಶಪಿಸಲೋ ತಿಳಿಯದೆ ಕೂತಿದ್ದೇನೆ.

ನೆಟ್ಟಗೆ ನಿಲ್ಲುವ ಮಾತು ಬಂದದ್ದರಿಂದ ನೆಟ್ಟಗೆ ನಿಮ್ಮ ಕಾಗದಕ್ಕೇ ಬರುತ್ತೇನೆ. "ಬ್ಯಾನರ್ ಬಿಸಿಲಿಗೆ ತಾನಾಗೇ ಮಾಸಿ ಹೋಗುತ್ತೆ, ಕುರ್ಚಿ ಉಳಿಯುತ್ತೆ, ಸುಮ್ನಿರು" ಎಂದು ಉಪದೇಶಿಸಿದ್ದೀರಿ. ಸಮುದ್ರದ ನಡುವೆ ಕೂತವರಿಗೆ ದಡದವರ ಸಂಕಟ ಎಷ್ಟು ಸಣ್ಣದಾಗಿ ಕಾಣುತ್ತದೆ! ಫೋನಿನಲ್ಲಿ ಅರ್ಧ ಗಾಳಿಗೆ ಹೋಯಿತು, ಅದಕ್ಕೇ ಮೊದಲಿಂದ ಬರೆಯುತ್ತೇನೆ.

ಕಂಪನಿ ನನ್ನ ಓದಿನ ಫೀಸು ಕಟ್ಟಿದ್ದು ನಿಜ, ಪ್ರತಿ ಬುಧವಾರ ಮಧ್ಯಾಹ್ನ ತರಗತಿಗೆ ಬಿಟ್ಟದ್ದೂ ನಿಜ. ಆ ಉಪಕಾರವನ್ನು ನಾನು ಮರೆತಿಲ್ಲ. ಮರೆಯಲು ಬಿಡುವವರು ಯಾರೂ ಇಲ್ಲ. ಕಂಪನಿ ದುಡ್ಡು ಎಂದಮೇಲೆ ಪದವಿಯೂ ಸಾರ್ವಜನಿಕ ಆಸ್ತಿ. ಗೇಟಿನ ಕಾವಲುಗಾರ ನನ್ನ ಚೀಲ ತಡಕುತ್ತ "ಅಕ್ಕಾ, ನಮ್ಮ ಡಿಗ್ರಿ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದ. ಕ್ಯಾಂಟೀನಿನ ಯಜಮಾನಿ "ಇನ್ನೊಂದು ಸೌಟು ಹಾಕ್ತೀನಿ, ತಲೆಗೆ ಹೋಗುತ್ತೆ" ಎಂದು ಬಡಿಸುತ್ತಿದ್ದಳು. ಅದು ಹೋದದ್ದು ತಲೆಗಲ್ಲ ಎಂಬುದಕ್ಕೆ ಬೀರುವಿನಲ್ಲಿರುವ ನನ್ನ ಹಳೆಯ ಬಟ್ಟೆಗಳೇ ಸಾಕ್ಷಿ.

ಕೊನೆಗೆ ಆದದ್ದೇನು? ಅಳತೆ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಉಳಿದೆಲ್ಲ ವಿಷಯಗಳನ್ನು ದಾಟಿ, ಸಂಖ್ಯಾಶಾಸ್ತ್ರ ಒಂದರಲ್ಲಿ ಉರುಳಿದೆ. ಕೂದಲೆಳೆಯಲ್ಲಿ ತಪ್ಪಿತು ಎಂದು ಬೊಗಳೆ ಬಿಡುವುದಿಲ್ಲ. ಯಾರಿಗೂ ಅನುಮಾನ ಬರದ ಹಾಗೆ, ಗಟ್ಟಿಯಾಗಿಯೇ ಫೇಲಾದೆ. ಆದರೆ ನಮ್ಮ ಮ್ಯಾನೇಜರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ. ಫಲಿತಾಂಶದ ಹಿಂದಿನ ವಾರ ಕಂಪನಿಯ ಅಧ್ಯಕ್ಷರು ಕಾರ್ಖಾನೆ ನೋಡಲು ಬರುವವರಿದ್ದರು. ಇವರು ಗೇಟಿನ ಮೇಲೆ ಬ್ಯಾನರ್ ಕಟ್ಟಿಸಿಯೇಬಿಟ್ಟರು: "ನಮ್ಮ ಹೆಮ್ಮೆಯ ಸ್ನಾತಕೋತ್ತರ ಪದವೀಧರೆ". ಕೆಳಗೆ ಬಾಗಿಲಿನಷ್ಟು ದೊಡ್ಡ ನನ್ನ ಮುಖ. ಮದುವೆಯಾದ ಇಷ್ಟು ವರ್ಷದಲ್ಲಿ ನಿಮ್ಮ ಕಣ್ಣಿಗೆ ಬೀಳದ ಗಲ್ಲದ ಮಚ್ಚೆ ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು.

ಫಲಿತಾಂಶ ಬಂದ ದಿನ ಮ್ಯಾನೇಜರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಸಾವಿನ ಮನೆಯ ದನಿಯಲ್ಲಿ ಹೇಳಿದರು: "ನೋಡಮ್ಮ, ಪಾಸಾಗಿದೀರಿ ಅಂತ ಅಧ್ಯಕ್ಷರು ಕೈ ಕುಲುಕಿ ಆಗಿದೆ. ಈಗ ಕೈ ವಾಪಸ್ ತಗೊಳ್ಳಿ ಅನ್ನೋಕಾಗುತ್ತಾ? ಗುಣಮಟ್ಟ ವಿಭಾಗದ ಮುಖ್ಯಸ್ಥೆ ಕುರ್ಚಿ ನಿಮ್ಮದೇ. ಯಾರು ಬಂದು ಕೇಳ್ತಾರೆ?" ಮತ್ತೆ ಪರೀಕ್ಷೆ ಬರೆಯುತ್ತೇನೆ, ಹಿಂದಿನ ಸಲದ ಹಾಗೆ ರಜೆ ಕೊಡಿ ಎಂದೆ. ಅವರು ನಿಜವಾಗಿಯೂ ಗಾಬರಿಯಾದರು. "ಪಾಸಾದವರಿಗೆ ಪರೀಕ್ಷೆ ರಜೆ ಕೊಡೋದು ಯಾವ ನಿಯಮದಲ್ಲಿದೆ?"

ಇಂಥ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲಾದರೂ ಮೊದಲ ರ‍್ಯಾಂಕು ಕೊಡಬೇಕು.

ನೀವೇ ಹೇಳಿ, ನನ್ನ ಕೆಲಸವೇನು? ತೂಕದ ಯಂತ್ರ ಪರೀಕ್ಷಿಸುವುದು. ಒಂದು ಚಿಟಿಕೆ ಉಪ್ಪಿನಷ್ಟು ಸುಳ್ಳು ಹೇಳಿದರೂ ಸಾಕು, ಎಷ್ಟೇ ಚಂದದ ಯಂತ್ರವಾದರೂ ಅದರ ಹಣೆಗೆ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸುತ್ತೇನೆ. ಯಂತ್ರಗಳನ್ನು ಉಜ್ಜಿ ಹೊಳಪು ಕೊಡುವವರು ಎಷ್ಟು ಸಲ ಗೋಗರೆದಿದ್ದಾರೆ, "ಅಕ್ಕಾ, ಈ ಒಂದು ಬಿಡಿ" ಎಂದು! ಬಿಟ್ಟಿಲ್ಲ. ಈಗ ನಾನೇ ಇಲ್ಲದ ತೂಕ ತೋರಿಸುತ್ತ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತರೆ, ನಾಳೆ ಯಾವ ಮುಖ ಹೊತ್ತು ಆ ಯಂತ್ರಗಳನ್ನು ಗದರಿಸಲಿ?

ಹಾಗಾಗಿ ಶುಕ್ರವಾರ, ಊಟದ ಗಂಟೆ ಹೊಡೆದು ಎಲ್ಲರೂ ಅಂಗಳಕ್ಕೆ ಬಂದಾಗ, ಏಣಿ ತರಿಸಿ ಹತ್ತಿದೆ. ಕಾವಲುಗಾರ ಕೆಳಗಿನಿಂದ ಏಣಿ ಹಿಡಿದುಕೊಂಡು "ಅಕ್ಕಾ, ನನ್ನ ಕೆಲಸ ಹೋಗುತ್ತೆ, ಬೇಗ ಮಾಡಿ" ಎಂದು ಕಣ್ಣು ಮುಚ್ಚಿಕೊಂಡಿದ್ದ. ಬ್ಯಾನರಿನಲ್ಲಿದ್ದ ನನ್ನ ಹಣೆಯ ನಟ್ಟನಡುವೆ ಕೆಂಪು ಚೀಟಿ ಅಂಟಿಸಿದೆ. ಅದರ ಮೇಲೆ ಅಚ್ಚಾಗಿರುವುದು ಯಾವಾಗಲೂ ಒಂದೇ ಮಾತು: "ತಿರಸ್ಕೃತ. ಸರಿಪಡಿಸಿ ಮತ್ತೆ ಪರೀಕ್ಷಿಸಿ." ಕೆಳಗಿನಿಂದ ಕ್ಯಾಂಟೀನಿನ ಯಜಮಾನಿ ಸೌಟು ಎತ್ತಿ, "ಅಯ್ಯೋ, ನಮ್ಮ ಡಿಗ್ರಿ ಇನ್ನೂ ಬೇಯ್ಬೇಕಂತೆ ಕಣ್ರೋ!" ಎಂದು ಕೂಗಿದಳು. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಹೊಳಪು ಕೊಡುವವರು ಶಿಳ್ಳೆ ಹಾಕಿದರು. ಅವರ ಸೇಡು ತೀರಿತು ಪಾಪ.

ಸಂಜೆಯ ಹೊತ್ತಿಗೆ ಬ್ಯಾನರ್ ಇಳಿಯಿತು. ಕುರ್ಚಿಯೂ ಹೋಯಿತು, ಸದ್ಯಕ್ಕೆ ಅದರ ಮೇಲೆ ಮ್ಯಾನೇಜರ ಕೋಟು ಕೂತಿದೆ, ವಿಭಾಗಕ್ಕೇನೂ ನಷ್ಟವಾದಂತಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲು ಅವರಿಗೆ ಆಗುವುದಿಲ್ಲ, ಏಕೆಂದು ಅಧ್ಯಕ್ಷರಿಗೆ ಹೇಳಬೇಕಾಗುತ್ತದಲ್ಲ!

ಮನೆಗೆ ಬಂದು ಅತ್ತೆಗೆ ಹೆದರುತ್ತಲೇ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಫೇಲಾಗೋಕೂ ಪರೀಕ್ಷೆಗೆ ಕೂರ್ಬೇಕು ಕಣೇ. ನನ್ನ ಮಗ ಅದಕ್ಕೂ ಹೆದರಿ ಹಡಗು ಹತ್ತಿದ" ಎಂದರು. ಹೆತ್ತವರ ಮಾತು, ನಾನು ಒಂದಕ್ಷರ ಸೇರಿಸಿಲ್ಲ. ಆದ್ದರಿಂದ ಸುಮ್ಮನಿರುವ ಸಲಹೆಯನ್ನು ಮಡಚಿ ಈ ಕಾಗದದ ಜೊತೆಯಲ್ಲೇ ವಾಪಸ್ ಕಳಿಸುತ್ತಿದ್ದೇನೆ. ಪರೀಕ್ಷೆ ಮತ್ತೆ ಬರೆಯುತ್ತೇನೆ. ಮತ್ತೆ ಉರುಳಿದರೆ ಇನ್ನೊಮ್ಮೆ ಬರೆಯುತ್ತೇನೆ. ಸಂಖ್ಯಾಶಾಸ್ತ್ರಕ್ಕೇ ಬೇಜಾರಾಗಿ ನನ್ನನ್ನು ದಾಟಿಸಬೇಕು.

ನಿಮ್ಮ ಜೊತೆಯವರಿಗೆಲ್ಲ ನನ್ನ ನೆನಪು ಹೇಳಿ. ಅಮ್ಮನ ಆಶೀರ್ವಾದ ಇದೆ, ಬೈಗುಳದ ಜೊತೆಗೆ. ಭಾರ ಎತ್ತಬೇಡಿ.

ನಿಮ್ಮ,
ಇವಳು

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಹೊರಟವಳು ಬಾಗಿಲಲ್ಲೇ ನಿಂತು ಗೀಚುತ್ತಿದ್ದೇನೆ. ಕಂಪನಿ ರಜೆ ಕೊಡದ್ದರಿಂದ ನನ್ನ ಸ್ವಂತ ರಜೆಯನ್ನೆಲ್ಲ ಪರೀಕ್ಷೆಗೇ ಬರೆದುಕೊಟ್ಟೆ. ನೀವು ಬಂದಾಗ ಇಬ್ಬರೂ ಎಲ್ಲಾದರೂ ಹೋಗೋಣ ಎಂದು ವರ್ಷವಿಡೀ ಕೂಡಿಟ್ಟ ರಜೆ ಅದು. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ನಾನು ಕರಗಿಬಿಡುತ್ತಿದ್ದೆ. ನಿಮ್ಮ ಹಡಗು ದಡ ಸೇರುವ ದಿನವೇ ಪರೀಕ್ಷೆ. ಬಂದರಿಗೆ ಬರುವುದಿಲ್ಲ. ಬೈಯಲು ಪರೀಕ್ಷಾ ಕೇಂದ್ರದ ಗೇಟಿಗೇ ಬನ್ನಿ. ಹೇಗೆ ಬರೆದೆ ಎಂದು ಮಾತ್ರ ಕೇಳಬೇಡಿ, ಚೀಲ ಇಸಿದುಕೊಳ್ಳಿ, ಸಾಕು.